ದುಡ್ಡು ಮತ್ತು ಇತಿಹಾಸ, ಒಂದೇ ಪೀರಿಯಡ್ಡಿನಲ್ಲಿ: ಒಂದೂವರೆ ವರ್ಷದ ಅನುಭವ

ಕಳೆದ ವಾರ ಕೊನೆಯ ಪ್ರಾಜೆಕ್ಟ್ ತಿದ್ದಿ ಕಪಾಟಿನಲ್ಲಿಟ್ಟೆ. ಒಂಬತ್ತನೇ ತರಗತಿಯ ನಲವತ್ತು ಮಕ್ಕಳಿಗೆ ಆಧುನಿಕ ಇತಿಹಾಸವನ್ನೂ ದುಡ್ಡಿನ ವ್ಯವಹಾರವನ್ನೂ ಒಟ್ಟಿಗೆ ಕಲಿಸಬೇಕು ಅಂತ ಹೊರಟು ಹೆಚ್ಚುಕಡಿಮೆ ಒಂದೂವರೆ ವರ್ಷವಾಯಿತು. ಅದರಲ್ಲಿ ಪಾಠ ನಡೆದಿದ್ದು ಒಂದು ವರ್ಷ. ಉಳಿದ ಕಾಲ ಕಾಯುವುದರಲ್ಲಿ, ಬರೆಯುವುದರಲ್ಲಿ, ಬರೆದಿದ್ದನ್ನು ಹರಿದು ಮತ್ತೆ ಬರೆಯುವುದರಲ್ಲಿ ಹೋಯಿತು. ಇದೇ ಕೆಲಸಕ್ಕೆ ಕೈ ಹಾಕಬೇಕು ಅಂತಿರುವ ಶಿಕ್ಷಕರು ಬೇಕಾದಷ್ಟು ಜನ ಇದ್ದಾರೆ. ನಾನು ಎಡವಿದ ಕಡೆ ಅವರೂ ಎಡವಬಾರದು ಅಂತ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಇದಕ್ಕೆಲ್ಲ ಕಾರಣ ಒಬ್ಬ ಹಳೆಯ ವಿದ್ಯಾರ್ಥಿ. ಇತಿಹಾಸದಲ್ಲಿ ಒಳ್ಳೆಯ ಅಂಕ ತೆಗೆದವನು. 1929ರಲ್ಲಿ ಅಮೆರಿಕದ ಷೇರುಪೇಟೆ ಬಿದ್ದ ಮಹಾ ಕುಸಿತಕ್ಕೆ ಐದು ಕಾರಣ ಕೇಳಿದರೆ ಐದನ್ನೂ ಗಟಗಟ ಹೇಳುತ್ತಿದ್ದ. ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಶಾಲೆಗೆ ಬಂದು ಸಾಲದ ಪತ್ರವೊಂದನ್ನು ಮುಂದಿಟ್ಟ. ಆಗಲೇ ಸಹಿ ಹಾಕಿಯಾಗಿತ್ತು. "ಮೂರೇ ಪರ್ಸೆಂಟ್ ಮೇಡಂ, ಜಾಸ್ತಿ ಏನಲ್ಲ ಅಲ್ವಾ?" ಅಂದ. ನಾನು ಕೆಳಗಿನ ಸಣ್ಣ ಅಕ್ಷರ ಓದಿದೆ. ತಿಂಗಳಿಗೆ ಮೂರು ಪರ್ಸೆಂಟ್. ಏನೂ ಕಟ್ಟದೆ ಬಿಟ್ಟರೆ ಹತ್ತು ಸಾವಿರದ ಸಾಲ ವರ್ಷದ ಕೊನೆಗೆ 14,258 ಆಗುತ್ತದೆ. ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಅವನು ತುಂಬ ಹೊತ್ತು ಮಾತಾಡಲಿಲ್ಲ. ಸಾಲ ಮಾಡಿ ಷೇರು ಕೊಂಡಿದ್ದು ಆ ಐದು ಕಾರಣಗಳಲ್ಲಿ ಒಂದು. ಅದನ್ನು ಅವನಿಗೆ ಬಾಯಿಪಾಠ ಮಾಡಿಸಿದವಳು ನಾನೇ. ಆ ಸಾಲಕ್ಕೂ ಈ ಸಾಲಕ್ಕೂ ಸಂಬಂಧ ಇದೆ ಅಂತ ನಾನು ಒಮ್ಮೆಯೂ ಹೇಳಿರಲಿಲ್ಲ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮರುವಾರವೇ ಅರ್ಜಿ ಬರೆದೆ. "ಹಣಕಾಸು ಶಿಕ್ಷಣ: ಹೊಸ ವಿಷಯ" ಅಂತ ತಲೆಬರಹ ಕೊಟ್ಟು ಎಂಟು ಪುಟ ತುಂಬಿಸಿದೆ. ನಾನು ಮಾಡಿದ ಮೊದಲ ತಪ್ಪು ಅದು. ಹೊಸ ವಿಷಯ ಅಂದ ಕೂಡಲೇ ಮುಖ್ಯೋಪಾಧ್ಯಾಯರು ಮೂರು ಪ್ರಶ್ನೆ ಕೇಳಿದರು. ಪೀರಿಯಡ್ ಎಲ್ಲಿಂದ ತರುತ್ತೀರಿ? ಪರೀಕ್ಷೆಗೆ ಬರುತ್ತದಾ? ಪೋಷಕರು ಏನಂತಾರೆ? ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಜಿ ಮೇಜಿನ ಮೇಲೆಯೇ ಉಳಿಯಿತು. ಏಳು ವಾರ. ನಡುವೆ ನಾಲ್ಕು ಸಲ ಹೋಗಿ ಕೇಳಿದೆ. "ನೋಡೋಣ" ಅನ್ನುವ ಒಂದೇ ಮಾತು.

ಎಂಟನೇ ವಾರ ಅರ್ಜಿಯನ್ನು ವಾಪಸ್ ತಂದು ಬೇರೆ ಥರ ಬರೆದೆ. ಈ ಸಲ ಎರಡೇ ಪುಟ. ಈಗಿರುವ ಇತಿಹಾಸ ಪಾಠಗಳ ಪಟ್ಟಿ ಎಡಗಡೆ, ಆ ಪಾಠದಲ್ಲೇ ಬರುವ ದುಡ್ಡಿನ ಲೆಕ್ಕ ಬಲಗಡೆ. ಮೊದಲ ಮಹಾಯುದ್ಧದ ನಂತರದ ಜರ್ಮನಿ, ಅದರ ಎದುರು ಬೆಲೆ ಏರಿಕೆ. ಮಹಾ ಕುಸಿತ, ಅದರ ಎದುರು ಷೇರು, ಸಾಲ, ಬ್ಯಾಂಕ್ ಠೇವಣಿ. ಹೊಸ ಪೀರಿಯಡ್ ಬೇಡ, ಇತಿಹಾಸಕ್ಕೆ ಇರುವ ಪೀರಿಯಡ್‌ಗಳಲ್ಲೇ ವಾರಕ್ಕೆ ಎರಡು ಸಾಕು ಅಂತ ಬರೆದೆ. ನಾಲ್ಕೇ ದಿನದಲ್ಲಿ ಸಹಿ ಆಯಿತು. ನೀವೂ ಹೀಗೆ ಹೊರಟಿದ್ದರೆ ಹೊಸ ವಿಷಯ ಅನ್ನುವ ಪದವನ್ನೇ ಬಳಸಬೇಡಿ. ಇರುವ ಪಾಠವನ್ನು ಇನ್ನಷ್ಟು ಚೆನ್ನಾಗಿ ಮಾಡುತ್ತೇವೆ ಅಂತ ಬರೆಯಿರಿ. ಅದು ನಿಜವೂ ಹೌದು.

ಈ ನಡುವೆ ಇನ್ನೊಂದು ತೊಡಕು ಬಂತು. ನಾವು ಇಂಥ ಪಾಠ ಶುರು ಮಾಡುತ್ತೇವೆ ಅನ್ನುವ ಸುದ್ದಿ ಹೊರಗೆ ಹೋಗಿ, ಹಣ ಹೂಡಿಸುವ ಕಂಪನಿಯವರೊಬ್ಬರು ಶಾಲೆಗೆ ಬಂದರು. ಬಣ್ಣಬಣ್ಣದ ಪುಸ್ತಕ, ಪೆನ್ನು, ಪುಕ್ಕಟೆ ತರಬೇತಿ, ಎಲ್ಲ ಕೊಡುತ್ತೇವೆ ಅಂದರು. ಸ್ಟಾಫ್ ರೂಮಿನಲ್ಲಿ ಹಲವರಿಗೆ ಖುಷಿ. ಪುಸ್ತಕ ತಿರುವಿ ನೋಡಿದೆ. ಸಾಲದ ಬಗ್ಗೆ ಅರ್ಧ ಪುಟ, ಅವರ ಯೋಜನೆಗಳ ಬಗ್ಗೆ ಹನ್ನೊಂದು ಪುಟ. ಪ್ರತಿ ಮಗುವಿನ ಮನೆಯ ಫೋನ್ ನಂಬರ್ ತುಂಬಿಸುವ ಹಾಳೆಯೂ ಒಂದಿತ್ತು. ನಾನು ಬೇಡ ಅಂದೆ. ಪುಕ್ಕಟೆ ಸಿಗುವುದನ್ನು ಯಾಕೆ ಬಿಡಬೇಕು ಅಂತ ಮೂರು ವಾರ ವಾದ ನಡೆಯಿತು. ಕೊನೆಗೆ ಆ ಫೋನ್ ನಂಬರಿನ ಹಾಳೆಯನ್ನು ತೋರಿಸಿದ ಮೇಲೆ ಮುಖ್ಯೋಪಾಧ್ಯಾಯರೇ ಬೇಡ ಅಂದರು. ದುಡ್ಡಿನ ಪಾಠ ಹೇಳುವವರು ದುಡ್ಡಿನ ಸರಕು ಮಾರುವವರಾಗಿರಬಾರದು. ಈ ಒಂದು ವಿಷಯದಲ್ಲಿ ಮಾತ್ರ ಯಾರು ಎಷ್ಟೇ ಒತ್ತಾಯ ಮಾಡಿದರೂ ಬಗ್ಗಬೇಡಿ.

ಪಾಠ ಶುರುವಾಯಿತು. ಎರಡನೇ ವಾರವೇ ನನ್ನಿಂದ ದೊಡ್ಡ ತಪ್ಪಾಯಿತು. ಇದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. "ನಿಮ್ಮ ಮನೆಯ ಒಂದು ವಾರದ ಖರ್ಚು ಬರೆದುಕೊಂಡು ಬನ್ನಿ" ಅಂತ ಹೋಂವರ್ಕ್ ಕೊಟ್ಟೆ. ಮಕ್ಕಳಿಗೆ ಹತ್ತಿರವಾಗಲಿ ಅನ್ನುವ ಉದ್ದೇಶ ಇತ್ತು, ಅಷ್ಟೇ. ಮೂವತ್ತೇಳು ಹಾಳೆ ತುಂಬಿ ಬಂದವು. ಎರಡು ಬರಲಿಲ್ಲ. ಒಂದು ಹಾಳೆಯಲ್ಲಿ ಹೆಸರು, ತರಗತಿ, ದಿನಾಂಕ ನೀಟಾಗಿ ಬರೆದು ಕೆಳಗೆ ಏನೂ ಇರಲಿಲ್ಲ. ಸ್ಕೇಲ್ ಇಟ್ಟು ಗೆರೆ ಮಾತ್ರ ಹಾಕಿತ್ತು. ಆ ಹುಡುಗಿಯನ್ನು ಎಲ್ಲರ ಮುಂದೆ ಕೇಳದೆ ಇದ್ದದ್ದು ನನ್ನ ಪುಣ್ಯ. ಬೆಲ್ ಹೊಡೆದ ಮೇಲೆ ಅವಳೇ ನಿಂತಿದ್ದಳು. "ಮನೇಲಿ ಬರೀಬೇಡ ಅಂದ್ರು ಮೇಡಂ. ಸಾಲದವರು ಬರ್ತಾರೆ, ಅದೆಲ್ಲ ಶಾಲೆಗೆ ಯಾಕೆ ಅಂದ್ರು." ಅಷ್ಟು ಹೇಳಿ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು.

ಆ ದಿನವೇ ನಲವತ್ತು ಮಕ್ಕಳಿಗೂ ಹೇಳಿದೆ: ಇನ್ನು ಮೇಲೆ ಯಾರ ಮನೆಯ ಲೆಕ್ಕವೂ ಇಲ್ಲಿ ಬೇಡ. ಬಂದಿದ್ದ ಹಾಳೆಗಳನ್ನು ವಾಪಸ್ ಕೊಟ್ಟೆ. ಪೋಷಕರಿಗೆ ಒಂದು ಪತ್ರ ಕಳಿಸಿದೆ. ನಾಲ್ಕೇ ಸಾಲು. ಏನು ಕಲಿಸುತ್ತೇವೆ, ಯಾವ ದಿನ, ಯಾರು ಕಲಿಸುತ್ತಾರೆ. ಮನೆಯ ಆದಾಯ, ಸಾಲ, ಆಸ್ತಿ ಬಗ್ಗೆ ಏನನ್ನೂ ಕೇಳುವುದಿಲ್ಲ. ಈ ಪತ್ರ ಪಾಠ ಶುರುವಾಗುವ ಮೊದಲೇ ಹೋಗಬೇಕಿತ್ತು. ನೀವು ಮೊದಲೇ ಕಳಿಸಿ. ಲೆಕ್ಕಕ್ಕೆ ಒಂದು ಕಾಲ್ಪನಿಕ ಕುಟುಂಬ ಇಟ್ಟುಕೊಳ್ಳಿ. ನಾವು ನಾಲ್ಕು ಜನರ ಒಂದು ಮನೆ ಕಟ್ಟಿಕೊಂಡೆವು. ಆ ಮನೆಯನ್ನು ಒಂದೊಂದು ಕಾಲಕ್ಕೆ, ಒಂದೊಂದು ದೇಶಕ್ಕೆ ಕರೆದುಕೊಂಡು ಹೋದೆವು. ಮಕ್ಕಳು ಆ ಮನೆಯ ಸಂಕಟವನ್ನು ಎಷ್ಟು ಮನಸ್ಸಿಟ್ಟು ಮಾತಾಡಿದರು ಅಂದರೆ, ಸ್ವಂತ ಮನೆಯ ಹಾಳೆಯಿಂದ ಅದು ಖಂಡಿತ ಸಿಗುತ್ತಿರಲಿಲ್ಲ.

ಪಾಠದ ಕ್ರಮವೂ ಮೊದಲು ಸರಿ ಹೋಗಲಿಲ್ಲ. ವಾರದ ಒಂದು ದಿನ ಬಜೆಟ್, ಬಡ್ಡಿ. ಇನ್ನೊಂದು ದಿನ ಇತಿಹಾಸ. ಒಂದು ತಿಂಗಳು ಹೀಗೆ ಮಾಡಿದೆ. ಬಡ್ಡಿಯ ದಿನ ಮಕ್ಕಳಿಗೆ ಆಕಳಿಕೆ, ಇತಿಹಾಸದ ದಿನ ಮಾಮೂಲಿ ನೋಟ್ಸ್. ಜೊತೆಗೆ ಗಣಿತದ ತೊಂದರೆ ಬೇರೆ. ಗಣಿತದ ಪುಸ್ತಕದಲ್ಲಿ ಪರ್ಸೆಂಟ್ ಲೆಕ್ಕ ಸಲೀಸಾಗಿ ಮಾಡುವ ಮಕ್ಕಳು ಇಲ್ಲಿ ತಡವರಿಸುತ್ತಿದ್ದರು. ನೂರು ಇದ್ದದ್ದು ಹತ್ತು ಪರ್ಸೆಂಟ್ ಇಳಿದು, ಮತ್ತೆ ಹತ್ತು ಪರ್ಸೆಂಟ್ ಏರಿದರೆ ಎಷ್ಟು? ಮೂವತ್ತು ಕೈ ಮೇಲೆ ಬಂದವು, ಎಲ್ಲರೂ ನೂರು ಅಂದರು. ತೊಂಬತ್ತೊಂಬತ್ತು ಅಂತ ಬಿಡಿಸಿ ತೋರಿಸಿದಾಗ ಮೋಸ ಹೋದವರ ಹಾಗೆ ನೋಡಿದರು. ಗಣಿತದ ಮೇಷ್ಟ್ರನ್ನು ಕೇಳಿಕೊಂಡೆ. ಪಾಪ, ತಮ್ಮ ಬಿಡುವಿನ ಪೀರಿಯಡ್ ಬಿಟ್ಟು ಎರಡು ವಾರ ಬಂದು ಪರ್ಸೆಂಟ್ ಮತ್ತು ಚಕ್ರಬಡ್ಡಿ ಗಟ್ಟಿ ಮಾಡಿಸಿದರು. ಈ ಎರಡು ವಾರ ನನ್ನ ಯೋಜನೆಯಲ್ಲಿ ಇರಲಿಲ್ಲ. ನಿಮ್ಮದರಲ್ಲಿ ಇರಲಿ.

ಆ ಮೇಷ್ಟ್ರು ಹೇಳಿಕೊಟ್ಟ 72ರ ಲೆಕ್ಕ ಮಕ್ಕಳ ಬಾಯಲ್ಲಿ ಉಳಿದುಬಿಟ್ಟಿತು. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ದುಡ್ಡು ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಎಂಟು ಪರ್ಸೆಂಟ್ ಆದರೆ ಒಂಬತ್ತು ವರ್ಷ. ಇದನ್ನೇ ತಿರುಗಿಸಿ ಬೆಲೆ ಏರಿಕೆಗೂ ಹಾಕಬಹುದು. ವರ್ಷಕ್ಕೆ ಆರು ಪರ್ಸೆಂಟ್ ಬೆಲೆ ಏರಿದರೆ ಪೆಟ್ಟಿಗೆಯಲ್ಲಿಟ್ಟ ದುಡ್ಡಿನ ಬೆಲೆ ಹನ್ನೆರಡು ವರ್ಷಕ್ಕೆ ಅರ್ಧ.

ಅಲ್ಲಿಂದ ಮುಂದೆ ಎರಡನ್ನೂ ಒಂದೇ ಪಾಠ ಮಾಡಿದೆ. ಮೊದಲನೆಯದು 1923ರ ಜರ್ಮನಿ. ಯುದ್ಧಕ್ಕೆ ಮೊದಲು ಒಂದು ಡಾಲರಿಗೆ 4.2 ಮಾರ್ಕ್. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಎರಡನ್ನೂ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದೆ. ಸೊನ್ನೆಗಳನ್ನು ಬಿಡಿಸಿ ಬರೆಯುವಾಗ ಬೋರ್ಡು ಮುಗಿಯುತ್ತಾ ಬಂತು. ಮಕ್ಕಳು ಒಟ್ಟಿಗೆ ಎಣಿಸಿದರು. ಹನ್ನೆರಡು ಸಲ ಹತ್ತರಿಂದ ಗುಣಿಸಿದ ಲೆಕ್ಕ. ಯಾಕೆ ಹೀಗಾಯಿತು ಅನ್ನುವುದನ್ನು ನಮ್ಮ ಕಾಲ್ಪನಿಕ ಮನೆಯ ಮೂಲಕ ಹೇಳಿದೆ. ಯುದ್ಧದ ಖರ್ಚಿಗೆ ಸರ್ಕಾರ ಜನರ ಹತ್ತಿರ ಒಂಬತ್ತು ಸಲ ಸಾಲ ಎತ್ತಿತು. ನಮ್ಮ ಮನೆಯವರೂ ಉಳಿತಾಯವನ್ನೆಲ್ಲ ಆ ಸಾಲದ ಪತ್ರಗಳಿಗೆ, ಅಂದರೆ ಬಾಂಡ್‌ಗಳಿಗೆ ಹಾಕಿದರು. ಯುದ್ಧ ಸೋತರು. ಗೆದ್ದ ದೇಶಗಳಿಗೆ ಪರಿಹಾರ ಕಟ್ಟಬೇಕಾಯಿತು. ಅದು ಸರಿಯಾಗಿ ಬರಲಿಲ್ಲ ಅಂತ 1923ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆ ಜರ್ಮನಿಯ ಗಣಿ, ಕಾರ್ಖಾನೆಗಳ ರೂರ್ ಪ್ರದೇಶಕ್ಕೆ ನುಗ್ಗಿತು. ಅಲ್ಲಿನ ಕಾರ್ಮಿಕರು ಕೆಲಸ ನಿಲ್ಲಿಸಿದರು, ಅವರಿಗೆ ಕೊಡಲು ಸರ್ಕಾರ ಇನ್ನಷ್ಟು ನೋಟು ಅಚ್ಚು ಹಾಕಿತು. ನಮ್ಮ ಮನೆಯವರ ಬಾಂಡ್ ಬರೀ ಕಾಗದವಾಯಿತು.

ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಹಾಗಾದ್ರೆ ಉಳಿಸಿದವರೇ ಮುಳುಗಿದ್ರು. ಮತ್ತೆ ನೀವು ನಮಗೆ ಯಾಕೆ ಉಳಿಸಿ ಅಂತೀರಿ ಮೇಡಂ?"

ಇಡೀ ತರಗತಿ ನನ್ನನ್ನೇ ನೋಡುತ್ತಿತ್ತು. ಏನೋ ಒಂದು ಹೇಳಿ ದಾಟಬಹುದಿತ್ತು. ಹಾಗೆ ಮಾಡಲಿಲ್ಲ. "ಒಂದು ವಾರ ಸಮಯ ಕೊಡು" ಅಂದೆ. ಆ ವಾರ ಪೂರ್ತಿ ಓದಿದೆ, ಯೋಚಿಸಿದೆ. ನಿಜ ಹೇಳಬೇಕು ಅಂದರೆ ಈ ಇಡೀ ಕೆಲಸದ ತಿರುಳು ನನಗೆ ಆ ವಾರವೇ ಸಿಕ್ಕಿದ್ದು.

ಮುಂದಿನ ವಾರ ಬೋರ್ಡಿನ ಮೇಲೆ ಐದು ಮನೆ ಬರೆದೆ. ಬಾಂಡ್ ಮತ್ತು ಬ್ಯಾಂಕ್ ಠೇವಣಿ ಇದ್ದ ಮನೆ. ಪಿಂಚಣಿ ಮೇಲೆ ಬದುಕುವ ಮನೆ. ದಿನದ ಕೂಲಿಯ ಮನೆ. ಜಮೀನು, ಕಾರ್ಖಾನೆ ಇದ್ದ ಮನೆ. ದೊಡ್ಡ ಸಾಲ ಇದ್ದ ಮನೆ. ಯಾರಿಗೆ ಏನಾಯಿತು ಅಂತ ಮಕ್ಕಳನ್ನೇ ಕೇಳಿದೆ. ಮೊದಲ ಎರಡು ಮನೆ ಪೂರ್ತಿ ಹೋದವು. ಕೂಲಿಯವರು ಸಂಬಳ ಕೈಗೆ ಬಂದ ತಕ್ಷಣ ಓಡಿ ಸಾಮಾನು ಕೊಳ್ಳಬೇಕಾಯಿತು, ಸಂಜೆಗೆ ಬೆಲೆ ಬೇರೆ. ಜಮೀನು ಇದ್ದವರ ಜಮೀನು ಉಳಿಯಿತು. ಸಾಲಗಾರರ ಹಳೆಯ ಸಾಲ ಒಂದು ಹಿಡಿ ನೋಟಿಗೆ ತೀರಿತು. ಎಲ್ಲರಿಗಿಂತ ದೊಡ್ಡ ಸಾಲಗಾರ ಯಾರು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆ ಹುಡುಗನೇ ಅಂದ, "ಸರ್ಕಾರ."

ಉಳಿಸಬೇಕು, ಆದರೆ ಎಲ್ಲವನ್ನೂ ಒಂದೇ ರೂಪದಲ್ಲಿ ಇಡಬಾರದು ಅಂತ ಆಗ ಹೇಳಿದೆ. ಅದರ ಜೊತೆ ಇನ್ನೊಂದು ಮಾತನ್ನೂ ಹೇಳಿದೆ. ಒಂದು ಮನೆ ಎಷ್ಟೇ ಜಾಣತನದಿಂದ ನಡೆದುಕೊಂಡರೂ ಕೆಲವು ಸಲ ಅದು ಸಾಲುವುದಿಲ್ಲ. ಯುದ್ಧ, ಸರ್ಕಾರದ ನಿರ್ಧಾರ, ಇವು ಮನೆಯೊಳಗಿನ ಲೆಕ್ಕಪುಸ್ತಕವನ್ನು ದಾಟಿ ಬರುತ್ತವೆ. ಬಡವರು ಖರ್ಚು ಮಾಡಲು ಬಾರದೆ ಬಡವರಾಗಿದ್ದಾರೆ ಅನ್ನುವ ಪಾಠ ಸುಳ್ಳು. ಅದನ್ನು ಮಕ್ಕಳಿಗೆ ಹೇಳಿದರೆ, ಸಾಲದವರು ಬಾಗಿಲಿಗೆ ಬರುವ ಮನೆಯ ಮಗು ತನ್ನ ಅಪ್ಪ ಅಮ್ಮ ದಡ್ಡರು ಅಂತ ತಿಳಿದುಕೊಳ್ಳುತ್ತದೆ. ಬರೀ ದುಡ್ಡಿನ ಪಾಠ ಮಾಡಿದರೆ ಈ ಅಪಾಯ ಇದ್ದೇ ಇದೆ. ಇತಿಹಾಸ ಪಕ್ಕದಲ್ಲಿ ಇರಲೇಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

1929ರ ಪಾಠಕ್ಕೆ ಕಾಗದದ ಚೀಟಿ ಮಾಡಿಕೊಂಡೆವು. ಪ್ರತಿ ಗುಂಪಿಗೆ ನೂರು ಚೀಟಿ. ಬೇಕಾದರೆ ಒಂಬೈನೂರು ಸಾಲ. ಆಗ ಅಮೆರಿಕದಲ್ಲಿ ಹತ್ತು ಪರ್ಸೆಂಟ್ ಕೈಯಿಂದ ಹಾಕಿ ಉಳಿದದ್ದನ್ನು ಸಾಲ ತಂದು ಷೇರು ಕೊಳ್ಳುವವರು ಇದ್ದರು. ಎಂಟು ಗುಂಪಿನಲ್ಲಿ ಆರು ಗುಂಪು ಪೂರ್ತಿ ಸಾಲ ತೆಗೆದುಕೊಂಡವು. ನಾನು ಅಮೆರಿಕದ ಷೇರು ಬೆಲೆಗಳ ಏರಿಳಿತ ತೋರಿಸುವ ಡೌ ಜೋನ್ಸ್ ಸೂಚ್ಯಂಕದ ಅಂಕಿ ಓದುತ್ತಾ ಹೋದೆ. 1929ರ ಸೆಪ್ಟೆಂಬರ್ 3ಕ್ಕೆ 381. ಹತ್ತು ಪರ್ಸೆಂಟ್ ಇಳಿದ ಕ್ಷಣಕ್ಕೇ ಆರು ಗುಂಪುಗಳ ನೂರು ಚೀಟಿ ಖಾಲಿ. ಸಾಲ ತೆಗೆಯದ ಎರಡು ಗುಂಪು ಮಾತ್ರ ಕೂತಿದ್ದವು. 1932ರ ಜುಲೈ 8ಕ್ಕೆ 41. ಅವರ ನೂರು ಚೀಟಿ ಹನ್ನೊಂದಕ್ಕೆ ಬಂದಿತ್ತು. "ಮತ್ತೆ 381 ಯಾವಾಗ ಮುಟ್ಟಿತು ಮೇಡಂ?" 1954ರ ನವೆಂಬರ್ ಅಂದೆ. ಒಬ್ಬಳು ಬೆರಳಲ್ಲಿ ಎಣಿಸಿ, "ಅಷ್ಟೊತ್ತಿಗೆ ನನಗೆ ನಲವತ್ತಾಗಿರುತ್ತೆ" ಅಂದಳು. ಇಲ್ಲಿ ಒಂದು ಎಚ್ಚರಿಕೆ. ಈ ಅಂಕಿಯಲ್ಲಿ ಡಿವಿಡೆಂಡ್, ಅಂದರೆ ಕಂಪನಿ ಷೇರುದಾರರಿಗೆ ಕೊಡುವ ಲಾಭದ ಪಾಲು ಸೇರಿಲ್ಲ, ಸೇರಿಸಿದರೆ ಕಾಯುವ ಕಾಲ ಕಡಿಮೆಯಾಗುತ್ತದೆ. ಅದನ್ನು ಹೇಳದೆ ಬಿಟ್ಟರೆ ಮಕ್ಕಳು ಷೇರು ಅಂದರೆ ಬರೀ ಜೂಜು ಅಂತ ಹೆದರಿ ಕೂರುತ್ತಾರೆ.

ಮರುದಿನ ಬ್ಯಾಂಕ್ ಆಟ. ಹತ್ತು ಜನ ಹತ್ತು ಹತ್ತು ಚೀಟಿ ಠೇವಣಿ ಇಟ್ಟರು. ಬ್ಯಾಂಕ್ ಎಂಬತ್ತನ್ನು ಸಾಲ ಕೊಟ್ಟು ಇಪ್ಪತ್ತು ಇಟ್ಟುಕೊಂಡಿತು. ಒಬ್ಬನ ಕಿವಿಯಲ್ಲಿ "ಬ್ಯಾಂಕ್ ಮುಳುಗುತ್ತಂತೆ" ಅಂದೆ, ಅಷ್ಟೇ. ಎರಡು ನಿಮಿಷದಲ್ಲಿ ಹತ್ತೂ ಜನ ಸಾಲಿನಲ್ಲಿ ನಿಂತರು, ಇಬ್ಬರಿಗೆ ಮಾತ್ರ ದುಡ್ಡು ಸಿಕ್ಕಿತು. ಆಮೇಲೆ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1933ರ ಮಾರ್ಚಿನಲ್ಲಿ ದೇಶದ ಬ್ಯಾಂಕುಗಳನ್ನೆಲ್ಲ ಕೆಲವು ದಿನ ಮುಚ್ಚಿಸಿದ್ದು, 1934ರ ಜನವರಿ 1ರಿಂದ ಪ್ರತಿ ಠೇವಣಿದಾರನಿಗೆ 2,500 ಡಾಲರ್ ವರೆಗೆ ವಿಮೆ ಬಂದಿದ್ದು ಹೇಳಿದಾಗ ಯಾರಿಗೂ ವಿವರಣೆ ಬೇಕಾಗಲಿಲ್ಲ. ನಿಮ್ಮ ದೇಶದಲ್ಲಿ ಠೇವಣಿ ವಿಮೆ ಎಷ್ಟಿದೆ ಅನ್ನುವುದನ್ನು ಮಕ್ಕಳೇ ಹುಡುಕಿಕೊಂಡು ಬರಲಿ. ಸರ್ಕಾರಿ ಮೂಲದಿಂದಲೇ ತರಬೇಕು ಅಂತ ಹೇಳಿ.

ದೇಶಗಳ ನಾಣ್ಯವನ್ನು ಡಾಲರಿಗೆ, ಡಾಲರನ್ನು ಚಿನ್ನಕ್ಕೆ ಕಟ್ಟಿದ 1944ರ ಬ್ರೆಟನ್ ವುಡ್ಸ್ ಒಪ್ಪಂದ ಮತ್ತು 1971ರಲ್ಲಿ ಡಾಲರಿಗೂ ಚಿನ್ನಕ್ಕೂ ಇದ್ದ ನಂಟು ಕಡಿದದ್ದು, ಈ ಎರಡನ್ನು ಮೂರು ಪೀರಿಯಡ್ ಹೇಳಿದೆ. ಯಾರಿಗೂ ಹಿಡಿಸಲಿಲ್ಲ. ಮುಂದಿನ ಸಲ ಬಿಡುತ್ತೇನೆ.

ಆದರೆ ಸುಮ್ನೆ ಒಂದು ಪೀರಿಯಡ್ ಅಂತ ಇಟ್ಟುಕೊಂಡಿದ್ದ ಇನ್ನೊಂದು ಪಾಠ ನಾಲ್ಕು ಪೀರಿಯಡ್ ಹಿಡಿಯಿತು. ಫ್ರಾನ್ಸಿನಲ್ಲಿ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಬ್ಯಾಂಕ್ ಖಾತೆ ತೆರೆಯಬಹುದು ಅಂತ ಕಾನೂನು ಆಗಿದ್ದು 1965ರಲ್ಲಿ. ಅಮೆರಿಕದಲ್ಲಿ ಸಾಲ ಕೊಡುವಾಗ ಹೆಣ್ಣು, ಗಂಡು ಅಂತ ಭೇದ ಮಾಡಬಾರದು ಅನ್ನುವ ಕಾನೂನು 1974ರದ್ದು. "1965ರಲ್ಲಾ? ಚಂದ್ರನ ಮೇಲೆ ಕಾಲಿಡೋಕೆ ನಾಲ್ಕೇ ವರ್ಷ ಇತ್ತಲ್ವಾ ಮೇಡಂ?" ಅಂತ ಒಬ್ಬಳು ಕೇಳಿದಳು. ಖಾತೆ ಯಾರ ಹೆಸರಲ್ಲಿದೆ, ಸಹಿ ಯಾರದ್ದು, ಪಾಸ್‌ವರ್ಡ್ ಯಾರ ಹತ್ತಿರ ಇರಬೇಕು ಅನ್ನುವ ಮಾತು ಅಲ್ಲಿಂದ ತಾನಾಗಿಯೇ ಹೊರಟಿತು. ಹುಡುಗರೂ ಗಂಭೀರವಾಗಿ ಕೇಳಿಸಿಕೊಂಡರು.

ವರ್ಷದ ಅರ್ಧ ದಾಟಿದಾಗ ನಾನು ನಿರೀಕ್ಷಿಸಿರದ ಇನ್ನೊಂದು ಘಟನೆ ನಡೆಯಿತು. ಹುಡುಗನೊಬ್ಬ ಬಿಡುವಿನಲ್ಲಿ ಬಂದು ಒಂದು ಆಪ್ ಹೆಸರು ಹೇಳಿದ. ದುಡ್ಡು ಹಾಕಿದರೆ ಎರಡು ತಿಂಗಳಿಗೆ ಡಬಲ್ ಆಗುತ್ತಂತೆ, ಆರು ಜನರನ್ನು ಸೇರಿಸಿದರೆ ಇನ್ನೂ ಜಾಸ್ತಿಯಂತೆ, ಅವನ ಅತ್ತೆ ಹಾಕಿದ್ದಾರಂತೆ. ಅವನ ಹೆಸರು ಎತ್ತದೆ, ಒಂದು ತಿಂಗಳು ಮುಂದೆ ಇಟ್ಟಿದ್ದ ಪಾಠವನ್ನು ಮಾರನೇ ದಿನಕ್ಕೇ ತಂದೆ. 1920ರಲ್ಲಿ ಬಾಸ್ಟನ್ನಿನಲ್ಲಿ ಚಾರ್ಲ್ಸ್ ಪಾಂಜಿ 45 ದಿನಕ್ಕೆ ಐವತ್ತು ಪರ್ಸೆಂಟ್ ಲಾಭ ಕೊಡುತ್ತೇನೆ ಅಂದಿದ್ದು, ಹೊಸಬರ ದುಡ್ಡನ್ನೇ ಹಳಬರಿಗೆ ಕೊಟ್ಟಿದ್ದು, ಆ ವರ್ಷದ ಆಗಸ್ಟಿಗೆ ಎಲ್ಲ ಕುಸಿದಿದ್ದು. ಆಮೇಲೆ ಅಲ್ಬೇನಿಯಾ. ಕಮ್ಯುನಿಸ್ಟ್ ಆಡಳಿತ ಹೋಗಿ ಕೆಲವೇ ವರ್ಷವಾಗಿತ್ತು. ಜನರಿಗೆ ಇಂಥ ವ್ಯವಹಾರದ ಅನುಭವ ಇರಲಿಲ್ಲ. ದೇಶದ ಸುಮಾರು ಮೂರರಲ್ಲಿ ಎರಡು ಪಾಲು ಜನ ಇಂಥ ಯೋಜನೆಗಳಿಗೆ ದುಡ್ಡು ಹಾಕಿದ್ದರು, ಮನೆ ಮಾರಿ ಹಾಕಿದವರೂ ಇದ್ದರು. 1997ರಲ್ಲಿ ಅವು ಒಂದೊಂದಾಗಿ ಮುಳುಗಿದಾಗ ದಂಗೆಯೆದ್ದು ಸುಮಾರು ಎರಡು ಸಾವಿರ ಜನ ಸತ್ತರು, ಸರ್ಕಾರವೇ ಬಿತ್ತು.

ಆಮೇಲೆ ಲೆಕ್ಕ. ಒಬ್ಬ ಆರು ಜನರನ್ನು ತರಬೇಕು, ಆ ಆರು ಜನ ತಲಾ ಆರು. ಮಕ್ಕಳು ಗುಣಿಸುತ್ತಾ ಹೋದರು. ಹದಿಮೂರನೇ ಸುತ್ತಿಗೆ 1,306 ಕೋಟಿ ಜನ ಬೇಕು. ಇಡೀ ಭೂಮಿಯ ಮೇಲೆ ಇರುವವರು ಸುಮಾರು 800 ಕೋಟಿ. ತರಗತಿ ನಿಶ್ಶಬ್ದವಾಯಿತು. ಆ ಹುಡುಗ ನೋಟ್‌ಬುಕ್ಕಿನಲ್ಲಿ ಆ ಸಂಖ್ಯೆಯ ಕೆಳಗೆ ಎರಡು ಸಲ ಗೆರೆ ಎಳೆದ.

ಮನೆಯಲ್ಲಿ ಹೇಳಿದನಂತೆ. ಅತ್ತೆ ಕೇಳಲಿಲ್ಲವಂತೆ. "ನಿಮ್ಮ ಮೇಡಂಗೆ ಏನು ಗೊತ್ತು" ಅಂದರಂತೆ. ಎರಡು ತಿಂಗಳಾದ ಮೇಲೆ ಆಪ್ ತೆರೆಯುವುದೇ ನಿಂತಿತು. ನಾನು ಆಗಲೇ ಹೇಳಿದ್ದೆನಲ್ಲ ಅನ್ನುವ ಮಾತನ್ನು ಅವನು ಮನೆಯಲ್ಲಿ ಆಡಲಿಲ್ಲ. ಅತ್ತೆಯ ಜೊತೆ ಕೂತು ದೂರು ಬರೆಯಲು ಸಹಾಯ ಮಾಡಿದ. ದುಡ್ಡು ವಾಪಸ್ ಬಂದಿಲ್ಲ. ಇಂಥದ್ದು ನಿಮ್ಮ ತರಗತಿಗೂ ಬರುತ್ತದೆ. ಮಗುವಿನ ಹೆಸರು ಎಲ್ಲೂ ಬಾರದ ಹಾಗೆ ನೋಡಿಕೊಳ್ಳಿ. ದೂರು ಎಲ್ಲಿ ಕೊಡಬೇಕು, ಯಾವ ಕಾಗದ ಇಟ್ಟುಕೊಂಡಿರಬೇಕು ಅನ್ನುವುದನ್ನು ಮೊದಲೇ ತಿಳಿದಿರಿ. ದುಡ್ಡು ಕಳಿಸಿದ ದಾಖಲೆ, ಮೆಸೇಜುಗಳ ಚಿತ್ರ, ದಿನಾಂಕ, ಮೊತ್ತ, ಇವಿಷ್ಟನ್ನು ಅಳಿಸದೆ ಇಟ್ಟುಕೊಳ್ಳಬೇಕು. ಆ ಹುಡುಗನ ಅತ್ತೆ ಸಿಟ್ಟಿನಲ್ಲಿ ಅರ್ಧ ಮೆಸೇಜು ಅಳಿಸಿಬಿಟ್ಟಿದ್ದರು.

ಖರ್ಚಿನ ವಿಷಯ ಹೇಳಿಬಿಡುತ್ತೇನೆ. ದುಡ್ಡು ಹೋಗಿದ್ದು ಜೆರಾಕ್ಸಿಗೆ ಮತ್ತು ಚೀಟಿಯ ಕಾಗದಕ್ಕೆ, ಎಲ್ಲ ನನ್ನ ಕೈಯಿಂದಲೇ. ಅದು ದೊಡ್ಡದಲ್ಲ. ಹೊತ್ತು ಮಾತ್ರ ತುಂಬಾ ಹೋಯಿತು. ಒಂದು ಪೀರಿಯಡ್ಡಿಗೆ ಎರಡು ಗಂಟೆ ತಯಾರಿ. ವರ್ಷದ ಮುಕ್ಕಾಲು ಭಾನುವಾರ ಇದಕ್ಕೇ. ಪರೀಕ್ಷೆ ಹತ್ತಿರ ಬಂದಾಗ ಐದು ವಾರ ನನ್ನ ಪೀರಿಯಡ್‌ಗಳನ್ನು ಬೇರೆ ವಿಷಯಕ್ಕೆ ಕೊಟ್ಟುಬಿಟ್ಟರು. ಕೇಳಿದರೆ, ಇದಕ್ಕೆ ಅಂಕ ಇಲ್ಲವಲ್ಲ ಅಂದರು. ಆಗ ತುಂಬ ಬೇಜಾರಾಯಿತು, ಇಷ್ಟಕ್ಕೆ ನಿಲ್ಲಿಸಿಬಿಡೋಣ ಅಂತಲೂ ಅನ್ನಿಸಿತು. ಮಕ್ಕಳು ಕಾರಿಡಾರಿನಲ್ಲಿ ನಿಲ್ಲಿಸಿ "ಮುಂದಿನ ಪಾಠ ಯಾವಾಗ ಮೇಡಂ" ಅಂತ ಕೇಳದೆ ಇದ್ದಿದ್ದರೆ ನಿಲ್ಲಿಸುತ್ತಿದ್ದೆನೋ ಏನೋ. ವರ್ಷದ ಯೋಜನೆಯಲ್ಲಿ ಕಡೇಪಕ್ಷ ಐದು ವಾರ ಖಾಲಿ ಬಿಟ್ಟುಕೊಳ್ಳಿ. ಆಂತರಿಕ ಅಂಕದಲ್ಲಿ ಒಂದಿಷ್ಟಾದರೂ ಇದಕ್ಕೆ ಸಿಗುವ ಹಾಗೆ ಶುರುವಿನಲ್ಲೇ ಮಾತಾಡಿಕೊಳ್ಳಿ. ನಾನು ಮಾತಾಡಿಕೊಂಡಿರಲಿಲ್ಲ.

ಬಿಡುವಿನ ನಂತರ ಉಳಿತಾಯದ ಒಂದೇ ಒಂದು ಲೆಕ್ಕ ಮಾಡಿಸಿದೆ. ಇಪ್ಪತ್ತನೇ ವಯಸ್ಸಿನಿಂದ ಹತ್ತು ವರ್ಷ, ವರ್ಷಕ್ಕೆ ಹನ್ನೆರಡು ಸಾವಿರ ಹಾಕಿ ನಿಲ್ಲಿಸಿದವಳು ಒಬ್ಬಳು. ಮೂವತ್ತಕ್ಕೆ ಶುರು ಮಾಡಿ ಅಷ್ಟನ್ನೇ ಮೂವತ್ತು ವರ್ಷ ಹಾಕಿದವನು ಒಬ್ಬ. ಇಬ್ಬರಿಗೂ ಎಂಟು ಪರ್ಸೆಂಟ್ ಅಂತ ಇಟ್ಟುಕೊಳ್ಳಿ. ಅರವತ್ತಕ್ಕೆ ಅವಳ ಹತ್ತಿರ ಸುಮಾರು 17.5 ಲಕ್ಷ, ಅವನ ಹತ್ತಿರ 13.6 ಲಕ್ಷ. ಮಕ್ಕಳು ನಂಬದೆ ಮೂರು ಸಲ ಲೆಕ್ಕ ಹಾಕಿದರು. ನಾಲ್ಕನೇ ಸಲ ಒಬ್ಬ, "ಮಧ್ಯದಲ್ಲಿ 1923 ಬರದಿದ್ರೆ" ಅಂತ ಸೇರಿಸಿದ. ಅದನ್ನೂ ಬೋರ್ಡಿನ ಮೇಲೆ ಬರೆಸಿದೆ.

ಕೊನೆಯ ಪ್ರಾಜೆಕ್ಟ್ ಹೀಗಿತ್ತು. ಆಧುನಿಕ ಇತಿಹಾಸದ ಒಂದು ವರ್ಷ ಆರಿಸಿಕೊಂಡು ಆ ಕಾಲದ ಒಂದು ಕಾಲ್ಪನಿಕ ಮನೆಯ ಲೆಕ್ಕಪುಸ್ತಕ ಬರೆಯಬೇಕು. ಆದಾಯ, ಖರ್ಚು, ಸಾಲ, ಉಳಿಕೆ, ಅಂಚಿನಲ್ಲಿ ಆ ದಿನಗಳ ಸುದ್ದಿ. ಮೊದಲ ಸುತ್ತಿನಲ್ಲಿ ಮಕ್ಕಳು ಬೆಲೆಗಳನ್ನು ಮನಸ್ಸಿಗೆ ಬಂದ ಹಾಗೆ ಬರೆದರು. ನಿಯಮ ಬದಲಿಸಿದೆ. ಎಲ್ಲಿಂದ ಸಿಕ್ಕಿತು ಅಂತ ತೋರಿಸಲಾಗದ ಬೆಲೆ ಇದ್ದರೆ ಆ ಜಾಗ ಖಾಲಿ ಬಿಡಿ, ಖಾಲಿ ಬಿಟ್ಟರೆ ಅಂಕ ಕಡಿಯುವುದಿಲ್ಲ. ಆಮೇಲೆ ಬಂದ ಪುಸ್ತಕಗಳು ಬೇರೆಯೇ ಆಗಿದ್ದವು. ಕೊನೆಯ ಬೆಂಚಿನ ಹುಡುಗ 1923 ಆರಿಸಿಕೊಂಡಿದ್ದ. ಜನವರಿಯ ಪುಟದಲ್ಲಿ ಅಂಕಿಗಳು ಕಾಲಂ ಒಳಗೆ ನೀಟಾಗಿ ಕೂತಿದ್ದವು. ಅಕ್ಟೋಬರಿಗೆ ಕಾಲಂ ಸಾಲದೆ ಹಾಳೆಯ ಪಕ್ಕಕ್ಕೆ ಇನ್ನೊಂದು ಕಾಗದದ ಪಟ್ಟಿ ಅಂಟಿಸಿದ್ದ. ನವೆಂಬರಿಗೆ ಇನ್ನೊಂದು. ಪುಸ್ತಕ ಮುಚ್ಚಿದರೂ ಆ ಪಟ್ಟಿಗಳು ಹೊರಗೆ ಚಾಚಿಕೊಂಡಿದ್ದವು. ಕೊನೆಯ ಸಾಲಿನಲ್ಲಿ ಹಳೆಯ ಮಾರ್ಕ್ ಬದಲು ಬಂದ ಹೊಸ ನಾಣ್ಯ ರೆಂಟೆನ್‌ಮಾರ್ಕ್ ಬಂದಿತ್ತು, ಹನ್ನೆರಡು ಸೊನ್ನೆ ಹೊಡೆದು ಬರೀ 1 ಅಂತ ಬರೆದಿದ್ದ.

ಎರಡನೇ ವಾರ ಖಾಲಿ ಹಾಳೆ ಕೊಟ್ಟಿದ್ದ ಹುಡುಗಿ 1931 ಆರಿಸಿಕೊಂಡಿದ್ದಳು. ಕೆಲಸ ಹೋದ ಅಪ್ಪ, ಹೊಲಿಗೆ ಮಾಡುವ ಅಮ್ಮ, ಮೂರು ಕಡೆ ಸಾಲ. ಯಾವ ಸಾಲಕ್ಕೆ ಬಡ್ಡಿ ಜಾಸ್ತಿ, ಯಾವುದನ್ನು ಮೊದಲು ತೀರಿಸಿದರೆ ಎಷ್ಟು ಉಳಿಯುತ್ತದೆ ಅಂತ ತಿಂಗಳು ತಿಂಗಳು ಲೆಕ್ಕ ಹಾಕಿದ್ದಳು. ಅದೇ ಸ್ಕೇಲ್ ಗೆರೆ, ಅದೇ ನೀಟು ಅಕ್ಷರ. ಪುಸ್ತಕದ ಹಿಂಭಾಗದಲ್ಲಿ ಹತ್ತು ಪುಟಕ್ಕೆ ಕಾಲಂ ಹಾಕಿ ಏನೂ ಬರೆಯದೆ ಬಿಟ್ಟಿದ್ದಳು. ಇದು ಯಾಕೆ ಖಾಲಿ ಅಂತ ಕೇಳಲು ಹೋಗಿ ಸುಮ್ಮನಾದೆ.

ಒಪ್ಪಿಸುವ ದಿನ ಅವಳು ಎಲ್ಲರೂ ಹೋಗುವವರೆಗೆ ಕಾದಿದ್ದಳು. "ಜೆರಾಕ್ಸ್ ನೀವಿಟ್ಕೊಳ್ತೀರಾ ಮೇಡಂ? ಪುಸ್ತಕ ಮನೆಗೆ ಬೇಕು. ಅಮ್ಮ ತಗೊಂಡು ಬಾ ಅಂದಿದ್ದಾರೆ."

ಇಬ್ಬರೂ ಆಫೀಸಿಗೆ ಹೋಗಿ ಬರೆದಿದ್ದ ಪುಟಗಳ ಜೆರಾಕ್ಸ್ ಮಾಡಿಕೊಂಡು ಬಂದೆವು. ಕಪಾಟಿನಲ್ಲಿ ಈಗ ಇರುವುದು ಅದೇ.